ನಿಸ್ತಂತುವಿನ ಹೊಟ್ಟೆಯೊಳಗಿನ ತಂತಿ

ಅಕ್ಕನ ಮಗ ಬೆಂಗಳೂರಿಗೆ ನೌಕರಿಗೆ ಹೋಗುವಾಗ ತನ್ನ ಎರಡು ಆಸ್ತಿಗಳನ್ನು ನನ್ನ ಕೊರಳಿಗೆ ಕಟ್ಟಿ ಹೋದ. ಒಂದು, ಥರ್ಮಾಕೋಲಿನ ಅಣ್ಣನಂತಿರುವ ಫೋಮಿನ ಪುಟ್ಟ ವಿಮಾನ. ಇನ್ನೊಂದು, ನೆಲದ ಮೇಲೆ ನಿಂತೇ ಅದನ್ನು ಓಡಿಸುವ ಡಬ್ಬಿ. ಅದಕ್ಕೆ ಎರಡು ಕಡ್ಡಿ, ಒಂದು ಕೊಂಬು. ನಾನು ರಿಮೋಟ್ ಅಂದೆ. "ಮಾವ, ರಿಮೋಟ್ ಅನಬ್ಯಾಡ್ರಿ. ಅದು ಟಿವಿಗೆ. ಇದು ಟ್ರಾನ್ಸ್‌ಮಿಟರ್" ಅಂದ. ಮನೆಯಲ್ಲಿ ಟಿವಿಯ ರಿಮೋಟೇ ನನ್ನ ಕೈಗೆ ಸಿಗುವುದಿಲ್ಲ, ಇದಾದರೂ ಇರಲಿ ಎಂದು ಇಟ್ಟುಕೊಂಡೆ.

ವಿಮಾನ ಹಾರಿಸಬೇಕೆಂದರೆ ಬಯಲು ಬೇಕು. ರಾಯಚೂರಿನ ನಮ್ಮ ಓಣಿಯಲ್ಲಿ ಮೇಲೆ ನೋಡಿದರೆ ಕರೆಂಟಿನ ತಂತಿ, ಕೇಬಲ್ ಟಿವಿ ತಂತಿ, ಇಂಟರ್ನೆಟ್ ತಂತಿ, ಅವುಗಳ ಮೇಲೆ ಒಣಹಾಕಿದ ಯಾರದೋ ಟವೆಲ್. ಹಾಗಾಗಿ ಡಬ್ಬಿ, ವಿಮಾನ ಎರಡನ್ನೂ ಹೆಂಡತಿಯ ತವರಿಗೆ ಹೊತ್ತುಕೊಂಡು ಹೋದೆ. ತವರು ಗೂಗಲ್. ಹೌದ್ರೀ, ಗೂಗಲ್ಲೇ. ದೇವದುರ್ಗದ ಕಡೆ, ಕೃಷ್ಣಾ ದಂಡೆಯ ಮೇಲೆ. ಬೆಂಗಳೂರಿನಲ್ಲಿ ಯಾರಾದರೂ ಕೇಳಿದಾಗ "ನಮ್ಮ ಮಾವನವರು ಗೂಗಲ್‌ನಾಗ ಇದ್ದಾರೆ" ಅಂದರೆ ಎದ್ದು ಕುರ್ಚಿ ಕೊಡುತ್ತಾರೆ. ನಾನೂ ಕೂತ ಮೇಲೇ ತಿದ್ದುವುದು.

ಆ ಕಂಪನಿ ಹುಟ್ಟಿದ್ದು 1998ರಲ್ಲಿ. ನಮ್ಮೂರ ಗೂಗಲ್ ಅಲ್ಲಮಪ್ರಭುವಿನ ಕಾಲದ ಲೆಕ್ಕ ಹೇಳುತ್ತದೆ. ಪ್ರಭುದೇವರು ಇಲ್ಲಿಯ ಗವಿಯಲ್ಲಿ ತಂಗಿದ್ದರಂತೆ, ಗವಿಗಲ್ಲು ಅನ್ನುವುದು ಬಾಯಿಂದ ಬಾಯಿಗೆ ಸವೆದು ಸವೆದು ಗೂಗಲ್ ಆಯಿತಂತೆ. ಊರವರ ಮಾತು ಇದು. ದಂಡೆಯ ಮೇಲೆ ಅಲ್ಲಮನ ಗುಡಿ ಇದೆ, ಆ ಕಡೆ ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜ್. ಹೆಸರು ಸವೆದರೆ ಹೀಗೆ ಜಗತ್ಪ್ರಸಿದ್ಧವಾಗಬಹುದು. ತಂತಿ ಸವೆದರೆ ಏನಾಗುತ್ತದೆ ಅನ್ನುವುದು ಮುಂದಿನ ಕಥೆ.

ಬೇಸಿಗೆ. ಹೊಳೆ ಸೊರಗಿ ಬಂಡೆ, ಉಸುಕು ಎಲ್ಲ ಮೇಲೆ ಬಂದಿದ್ದವು. ಬ್ಯಾರೇಜಿನಿಂದ ಬೇಕಾದಷ್ಟು ದೂರ ಹೋಗಿ ನಿಂತೆ. ವಿಮಾನದ ತೂಕ 250 ಗ್ರಾಂ ಒಳಗೆ, ಅಂದರೆ 2021ರ ಡ್ರೋನ್ ನಿಯಮಗಳ ಭಾಷೆಯಲ್ಲಿ 'ನ್ಯಾನೊ'. ಹಿಂದೆ ಹನ್ನೆರಡು ಹುಡುಗರು, ಮೂರು ಆಡು, ಮಾವನವರು. ವಿಮಾನ ಎದ್ದಿತು. ಚೆಂದ ಒಂದು ಸುತ್ತು ಹೊಡೆಯಿತು. ಇನ್ನೊಂದು ಸುತ್ತಿಗೆಂದು ಬಲಗಡೆಯ ಕಡ್ಡಿಯನ್ನು ಮೂಲೆಗೆ ಒತ್ತಿದೆ ನೋಡಿ, ದೆವ್ವ ಹೊಕ್ಕವರ ಹಾಗೆ ಪೂರ್ತಿ ಬಲಕ್ಕೆ ಹೊರಳಿತು. ಕಡ್ಡಿ ನಡುವಿಗೆ ತಂದೆ, ಸರಿಹೋಯಿತು. ಮತ್ತೆ ಒತ್ತಿದೆ, ಮತ್ತೆ ಹೊರಳಿತು. ಮೂರನೇ ಸಲ ಸರಿಹೋಗಲು ಅದಕ್ಕೆ ಎತ್ತರ ಉಳಿದಿರಲಿಲ್ಲ. ನೆಟ್ಟಗೆ ಹೋಗಿ ಬಳ್ಳಾರಿ ಜಾಲಿಯ ಪೊದೆಯೊಳಗೆ ಕೂತಿತು.

ಹುಡುಗರು ಚಪ್ಪಾಳೆ ಹೊಡೆದರು. ಮಾವನವರು ಧೋತರದ ಚುಂಗು ಸರಿಮಾಡಿಕೊಂಡು, "ಅಳಿಯಂದ್ರ, ಇಳಿಯೂದು ಹಿಂಗೇ ಏನ್ರೀ ಇದು?" ಅಂದರು. ಆಡುಗಳು ಮಾತ್ರ ಏನೂ ಅನ್ನಲಿಲ್ಲ.

ನಾನು ಬೈದದ್ದು ಆಕಾಶವನ್ನು. ಸಿಗ್ನಲ್ ಹೋಯಿತು ಅಂದೆ. ನಮ್ಮಲ್ಲಿ ಏನೇ ಕೆಟ್ಟರೂ ಸಿಗ್ನಲ್ ಹೋಯಿತು ಅನ್ನುವುದು ವಾಡಿಕೆ. ಫೋನು ಹಚ್ಚಿದಾಗ ಅಕ್ಕನ ಮಗ ಆ ಕಡೆಯಿಂದ ನಕ್ಕ. "ಮಾವ, ಸಿಗ್ನಲ್ ಹೋಗಿದ್ರ ಮೋಟರ್ ತಾನೇ ಬಂದ್ ಆಗ್ತಿತ್ತು, ಹಂಗ ಸೆಟ್ ಮಾಡಿಟ್ಟೀನಿ. ನಿಮ್ಮದು ಸಿಗ್ನಲ್ ಪಕ್ಕಾ ಇತ್ತು. ಡಬ್ಬಿನೇ ಸುಳ್ಳು ಹೇಳ್ಯದ."

ಈ ಮಾತು ನನ್ನ ತಲೆಗೆ ಹೊಕ್ಕು ಕೂತಿತು. ವೈರ್‌ಲೆಸ್ಸಿಗೆ ನಮ್ಮ ಪಂಡಿತರು ನಿಸ್ತಂತು ಎಂದು ಹೆಸರಿಟ್ಟರು, ತಂತು ಇಲ್ಲದ್ದು ಅಂತ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೊ ಕೇಂದ್ರ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರ ಕೇಂದ್ರಕ್ಕೆ ಬಂದದ್ದು ಆಕಾಶವಾಣಿ ಎಂಬ ಹೆಸರು. ಅದು ಲೇಸು, ತಂತಿಯ ಸುದ್ದಿಗೇ ಹೋಗುವುದಿಲ್ಲ. ಈ ನಿಸ್ತಂತು ಮಾತ್ರ ಅಪ್ಪಟ ಸುಳ್ಳು. ಡಬ್ಬಿಗೂ ವಿಮಾನಕ್ಕೂ ನಡುವೆ ತಂತಿಯಿಲ್ಲ, ಒಪ್ಪಿದೆ. ಆದರೆ ಡಬ್ಬಿಯ ಹೊಟ್ಟೆಯ ತುಂಬ ಇರುವುದೇ ತಂತಿ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ನೀರಿನ ತೊಟ್ಟಿಯೊಳಗೆ ರೇಡಿಯೊದಿಂದ ದೋಣಿ ಓಡಿಸಿ ತೋರಿಸಿದಾಗಲೂ ಜನ ಬಾಯಿ ತೆರೆದು ನೋಡಿದ್ದು ನಡುವಿನ ಗಾಳಿಯನ್ನು. ದೋಣಿಯೊಳಗಿನ ಬ್ಯಾಟರಿಗೆ ಬಿಗಿದ ತಂತಿಯನ್ನು ಯಾರು ಕೇಳುತ್ತಾರೆ? ಹಿಂದೆ "ತಂತಿ ಬಂತು" ಅಂದರೆ ಮನೆಯಲ್ಲಿ ಅಳು ಶುರುವಾಗುತ್ತಿತ್ತು. 2013ರ ಜುಲೈನಲ್ಲಿ ಆ ಟೆಲಿಗ್ರಾಂ ಸೇವೆಯೂ ಮುಗಿಯಿತು. ಈಗ ಅಳುವುದೇನಿದ್ದರೂ "ತಂತಿ ಹೋಯ್ತು" ಅಂದಾಗ.

ಬಿಚ್ಚಿದೆ. ಹಿಂದಿನ ಆರು ಸ್ಕ್ರೂ ತೆಗೆದರೆ ಮುಚ್ಚಳ ಬರುತ್ತದೆ. ಬ್ಯಾಟರಿ ಮೊದಲು ತೆಗೆಯಬೇಕು, ಬಿಚ್ಚುವ ಮುಂಚೆ ಫೋಟೊ ಹೊಡೆದುಕೊಳ್ಳಬೇಕು ಎಂದು ಅಕ್ಕನ ಮಗ ಹೇಳಿದ್ದ. ಬ್ಯಾಟರಿ ತೆಗೆದೆ. ಫೋಟೊ ಮರೆತೆ. ಕಡ್ಡಿಯನ್ನು ನಡುವಿಗೆ ತಂದು ನಿಲ್ಲಿಸುವ ಪುಟ್ಟ ಸ್ಪ್ರಿಂಗೊಂದು ಹಾರಿ ಅತ್ತೆಯವರ ಒಗ್ಗರಣೆ ಡಬ್ಬಿಯ ಹಿಂದೆ ಬಿತ್ತು. ಅದನ್ನು ಹುಡುಕುವಾಗ ಎರಡು ವರ್ಷದ ಹಿಂದೆ ಕಳೆದಿದ್ದ ಅವರ ಮೂಗುತಿ ಸಿಕ್ಕಿತು. ಅಂದಿನಿಂದ ಅತ್ತೆಯವರ ಮಟ್ಟಿಗೆ ನನ್ನ ಎಲೆಕ್ಟ್ರಾನಿಕ್ಸ್ ಜ್ಞಾನ ಅಪಾರ.

ಒಳಗೆ ಕಂಡದ್ದೇನು? ಕಡ್ಡಿಯ ಬುಡದಲ್ಲಿ ಹಳೇ ರೇಡಿಯೊದ ವಾಲ್ಯೂಮ್ ಗುಂಡಿಯ ಕೆಳಗಿರುತ್ತದಲ್ಲ, ಅಂಥದೇ ಎರಡು. ಒಂದು ಅಡ್ಡ ಚಲನೆಗೆ, ಒಂದು ಉದ್ದ ಚಲನೆಗೆ. ಪ್ರತಿಯೊಂದಕ್ಕೂ ಮೂರು ತಂತಿ. ಎರಡು ಕೊನೆಗಳಿಗೆ ಬ್ಯಾಟರಿಯ ಕಡೆಯಿಂದ ವೋಲ್ಟೇಜು, ನಡುವಿನದು ಕಡ್ಡಿ ಎಲ್ಲಿದೆಯೆಂದು ವರದಿ ಒಪ್ಪಿಸುವುದು. ಮೂರೂ ನೆಟ್ಟಗಿದ್ದರೆ ವರದಿ ನೆಟ್ಟಗೆ. ಕೊನೆಯ ಒಂದು ತಂತಿ ಕಿತ್ತುಬಂದರೆ ನಡುವಿನವನಿಗೆ ಒಂದೇ ಕಡೆಯ ಮಾತು ಕೇಳುತ್ತದೆ, ಅವನು ಅದನ್ನೇ ನಂಬಿ "ಪೂರ್ತಿ ಬಲಕ್ಕೆ!" ಎಂದು ಕೂಗುತ್ತಾನೆ. ಆಂಟೆನಾ ಆ ಸುಳ್ಳನ್ನು 2.4 ಗಿಗಾಹರ್ಟ್ಸ್‌ನಲ್ಲಿ ಚೂರೂ ಕಲಬೆರಕೆಯಿಲ್ಲದೆ ಆಕಾಶಕ್ಕೆ ಒಪ್ಪಿಸುತ್ತದೆ. ವಿಮಾನ ಪಾಪ, ವಿಧೇಯ. ನ್ಯಾಯ ಪಂಚಾಯಿತಿಯಲ್ಲಿ ಇಂಥದ್ದನ್ನು ನೀವೂ ನೋಡಿರುತ್ತೀರಿ.

ವಿಚಿತ್ರ ಅಂದರೆ ಮೇಲೆ ನೋಡಲು ಎಲ್ಲ ತಂತಿ ಹೊಚ್ಚಹೊಸದು. ಕೆಂಪು, ಕಪ್ಪು, ಬಿಳಿ, ಎಲ್ಲೂ ಗೀರಿಲ್ಲ. ಎತ್ತಿನ ಹಗ್ಗ ಸವೆದರೆ ಹೊರಗಿನ ಎಳೆ ಮೊದಲು ಹೋಗುತ್ತದೆ, ನಾವು ನೋಡಿ ಎಚ್ಚರಾಗುತ್ತೇವೆ. ತಂತಿ ಒಳಗಿನಿಂದ ಸವೆಯುವ ಪ್ರಾಣಿ. ಬೇಲಿಯ ತಂತಿ ಕತ್ತರಿಸಲು ಇಕ್ಕಳ ಸಿಗದಿದ್ದರೆ ಅತ್ತ ಇತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಕಡ್ಡಿ ಅಲ್ಲಾಡಿದಾಗಲೆಲ್ಲ ಡಬ್ಬಿಯೊಳಗೆ ನಡೆಯುವುದು ಅದೇ. ಎರಡರಲ್ಲಿ ಒಂದು ವಾಲ್ಯೂಮು ಕಡ್ಡಿಯ ಜೊತೆಗೇ ಅಲ್ಲಾಡುವ ಚೌಕಟ್ಟಿನ ಮೇಲೆ ಕೂತಿರುತ್ತದೆ. ಅದರ ತಂತಿಗೆ ದಿನವೂ ಸಾವಿರ ನಮಸ್ಕಾರ ಹಾಕುವ ಶಿಕ್ಷೆ. ಕೂದಲೆಳೆಯಂಥ ತಾಮ್ರದ ಎಳೆಗಳು ಒಂದೊಂದಾಗಿ ಪ್ಲಾಸ್ಟಿಕ್ಕಿನ ಅಂಗಿಯೊಳಗೇ ಸಾಯುತ್ತವೆ. ಕೊನೆಯ ಎಳೆಯೊಂದು ಇಡೀ ಸಂಸಾರ ಹೊತ್ತು ನಡೆಸುತ್ತದೆ.

ನನ್ನ ಮೊದಲ ರಿಪೇರಿ ಹೇಗಿತ್ತೆಂದರೆ: ಅನುಮಾನ ಬಂದ ತಂತಿಯನ್ನು ಕತ್ತರಿಸಿದೆ, ಹಲ್ಲಿನಿಂದ ಸುಲಿದೆ, ಎರಡನ್ನೂ ಹೊಸೆದೆ, ಇನ್ಸುಲೇಷನ್ ಟೇಪು ಸುತ್ತಿದೆ. ಮನೆಯ ಮಿಕ್ಸರಿಗೂ ಇದೇ ಚಿಕಿತ್ಸೆ, ಇಸ್ತ್ರಿಪೆಟ್ಟಿಗೆಗೂ ಇದೇ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಟೇಪಿನ ಅಂಟು ಎರಡು ದಿನದಲ್ಲಿ ಬೆಲ್ಲದ ಪಾಕವಾಗುತ್ತದೆ, ಟೇಪು ತಾನೇ ಬಿಚ್ಚಿಕೊಂಡು ಬಾಲದಂತೆ ನಿಲ್ಲುತ್ತದೆ. ನಿಂತಿತು. ಎರಡನೇ ಹಾರಾಟದಲ್ಲಿ ವಿಮಾನ ಅದೇ ಜಾಲಿಗೆ ಹೋಯಿತು. ಊರ ಹುಡುಗರು ಅದಕ್ಕೆ "ವಿಮಾನ ನಿಲ್ದಾಣ" ಎಂದು ಹೆಸರಿಟ್ಟರು.

ಮರ್ಯಾದೆ ಉಳಿಸಿಕೊಳ್ಳಲು ರಾಯಚೂರಿಗೆ ಬಂದು ತೀನ್ ಕಂದೀಲ್ ಹತ್ತಿರದ ಒಬ್ಬ ಹಳೇ ರೇಡಿಯೊ ಮೆಕ್ಯಾನಿಕ್ ಕಾಕಾ ಮುಂದೆ ಡಬ್ಬಿ ಇಟ್ಟೆ. ಅವರು ಕನ್ನಡಕ ಮೇಲೆ ಸರಿಸಿ ನನ್ನ ಟೇಪಿನ ಗಂಟನ್ನು ಚಿಮಟಿಯಲ್ಲಿ ಎತ್ತಿ ಹಿಡಿದರು. ಸತ್ತ ಜಿರಲೆ ಹಿಡಿದಂತೆ.

"ಇದು ಯಾರ್ ಮಾಡ್ಯಾರ?"

"ಯಾರೋ ಹುಡುಗರು, ಕಾಕಾ."

"ಹಲ್ಲಿನ ಗುರುತು ಅದ. ದೊಡ್ಡ ಹುಡುಗರೇ ಇರಬೇಕು."

ಕಾಕಾ ಪರೀಕ್ಷೆ ಮಾಡಿದ ರೀತಿ ನೋಡಿ ನಾನು ಬೆರಗಾದೆ. ಬ್ಯಾಟರಿ ಹಾಕಿ, ಪರದೆಯ ಮೇಲೆ ಪ್ರತಿ ಚಾನೆಲಿನ ಪಟ್ಟಿ ಕಾಣುವಂತೆ ಮಾಡಿದರು. ಕಡ್ಡಿ ಮುಟ್ಟಲಿಲ್ಲ. ಉರಿದು ಮುಗಿದ ಊದಿನಕಡ್ಡಿಯ ಬುಡ ತೆಗೆದುಕೊಂಡು ಒಂದೊಂದೇ ತಂತಿಯನ್ನು ಮೆಲ್ಲಗೆ ತಿವಿಯುತ್ತ ಹೋದರು. ಒಂದು ಕಪ್ಪು ತಂತಿಯ ಬುಡ ತಿವಿದಾಗ ಪಟ್ಟಿ ಟಣ್ ಎಂದು ಬಲಕ್ಕೆ ಜಿಗಿಯಿತು. ನಾನು ಕತ್ತರಿಸಿ ಗಂಟುಹಾಕಿದ್ದು ಬಿಳಿ ತಂತಿ. ಅಂದರೆ ಆರೋಗ್ಯವಂತನಿಗೆ ಆಪರೇಷನ್ ಆಗಿತ್ತು, ರೋಗಿ ಪಕ್ಕದ ಮಂಚದಲ್ಲೇ ಉಳಿದಿದ್ದ. ಊದಿನಕಡ್ಡಿಯೇ ಯಾಕೆಂದರೆ ಕಬ್ಬಿಣದ ಸ್ಕ್ರೂಡ್ರೈವರಿನಿಂದ ತಿವಿದರೆ ಶಾರ್ಟ್ ಆದೀತು, ಬಿದಿರಿನದಾದರೆ ಭಯವಿಲ್ಲ. ದೇವರ ಮುಂದೆ ಅರ್ಧ ಕೆಲಸ, ಕಾಕಾನ ಮುಂದೆ ಉಳಿದರ್ಧ.

ತಂತಿ ಸರಿಯಾಗಿ ಬೆಸುಗೆಯ ಅಂಚಿನಲ್ಲೇ ಮುರಿದಿತ್ತು. "ಯಾವಾಗ್ಲೂ ಅಲ್ಲೇ" ಅಂದರು ಕಾಕಾ. ಬೆಸುಗೆ ಹಾಕುವಾಗ ಕರಗಿದ ಲೋಹ ಎಳೆಗಳ ಸಂದಿನಲ್ಲಿ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಏರಿದಷ್ಟು ದೂರ ತಂತಿ ಬಿರುಸು, ಆಮೇಲೆ ಮೆದು. ಬಿರುಸು ಮುಗಿದು ಮೆದು ಶುರುವಾಗುವ ಗಡಿಯಲ್ಲೇ ಬಾಗುವುದೆಲ್ಲ. ಗಡಿಯವರ ಪಾಡು ಎಲ್ಲ ಕಡೆ ಅಷ್ಟೇ ಅನ್ನಿ.

ಆಮೇಲೆ ಮೂರೂ ತಂತಿ ಕಿತ್ತೆಸೆದರು. ಹಳೆಯದಕ್ಕೆ ಗಂಟು ಹಾಕಲಿಲ್ಲ. ರಬ್ಬರಿನಂತೆ ಮೆತ್ತಗಿರುವ ಸಿಲಿಕಾನ್ ಹೊದಿಕೆಯ ಹೊಸ ತಂತಿ, ಮೊದಲಿಗಿಂತ ಬೆರಳಗಲ ಉದ್ದ, ಬಾಗಲು ಆಸ್ಪದ ಇರಲೆಂದು. ರಾಳ ಮುಟ್ಟಿಸಿ, ಐರನ್ ಇಟ್ಟು, ಉಸಿರು ಹಿಡಿದು ಒಂದು ಚುಕ್ಕೆ. ತವರ ಕರಗಲು 232 ಡಿಗ್ರಿ ಬೇಕು, ಸೀಸಕ್ಕೆ 327. ಆದರೆ 63 ಪಾಲು ತವರ, 37 ಪಾಲು ಸೀಸ ಕೂಡಿಸಿದರೆ ಎರಡೂ 183ಕ್ಕೇ ನೀರು. ನಾನೂ ಹೆಂಡತಿಯ ತಮ್ಮನೂ ಹೀಗೇ. ಒಬ್ಬೊಬ್ಬರೇ ಆದರೆ ಮಿರ್ಚಿ ಬಂಡಿ ದಾಟಿ ಹೋಗುತ್ತೇವೆ, ಇಬ್ಬರೂ ಕೂಡಿದೆವೋ, ಬಂಡಿಯ ಮುಂದೆ ಕರಗಿದೆವು. ಮೇಲೊಂದು ಸ್ಲೀವು ತೊಡಿಸಿ ಕಾವು ಕೊಟ್ಟು ಬಿಗಿಗೊಳಿಸಿದರು. ಬುಡಕ್ಕೆ ಒಂದು ಹನಿ ಅಂಟು ಹಾಕಿ, ಬಾಗುವ ಜಾಗವನ್ನು ಬೆಸುಗೆಯಿಂದ ದೂರ ಸರಿಸಿದರು.

ಬ್ಯಾಟರಿ ಮನೆಯನ್ನೂ ಬಿಡಲಿಲ್ಲ. ಹಳೇ ನಿಕಲ್ ಸೆಲ್ಲು ಎಂದೋ ಸೋರಿತ್ತು, ಬ್ಯಾಟರಿಯ ಕಪ್ಪು ತಂತಿಯೊಳಗಿನ ತಾಮ್ರವೂ ಕಪ್ಪಾಗಿತ್ತು. ಅಂಥದ್ದಕ್ಕೆ ಬೆಸುಗೆ ಹಿಡಿಯುವುದಿಲ್ಲ, ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸುತ್ತಲೇ ಹೋಗಬೇಕು. ಕಾಕಾ ಕತ್ತರಿಸುತ್ತ ಹೋದರು, ತಂತಿಯೇ ಮುಗಿದುಹೋಯಿತು. ಹೊಸದು ಹಾಕಿದರು.

"ಈಗಿನ ಹೊಸ ಡಬ್ಬಿಗಳಲ್ಲಿ ಉಜ್ಜುವ ವಾಲ್ಯೂಮೇ ಇಲ್ಲವಂತೆ ಕಾಕಾ, ಅಯಸ್ಕಾಂತ ಇಟ್ಟಿರುತ್ತಾರಂತೆ, ಸವೆಯೋದೇ ಇಲ್ಲವಂತೆ" ಎಂದು ನನ್ನ ಜ್ಞಾನ ತೋರಿಸಿದೆ.

"ಹೌದು. ಆ ಅಯಸ್ಕಾಂತದ ಸುದ್ದಿ ಬೋರ್ಡಿಗೆ ಯಾರ್ ಒಯ್ತಾರ?"

"...ತಂತಿ."

"ಚಾ ತರಿಸ್ರಿ."

ಮುಂದಿನ ಅಮಾವಾಸ್ಯೆಗೆ ಮತ್ತೆ ಗೂಗಲ್. ಹೋಗುವ ದಾರಿಯಲ್ಲಿ, ಗಬ್ಬೂರು ದಾಟಿದ ಮೇಲೆ ಹೊಲವೊಂದರಲ್ಲಿ ಔಷಧ ಹೊಡೆಯುವ ಡ್ರೋನು ಕಂಡಿತು. ಬೆನ್ನಿಗೆ ಪಂಪು ಕಟ್ಟಿಕೊಂಡು ಹತ್ತಿಗೆ ಔಷಧ ಹೊಡೆದವರ ಊರುಗಳಿವು. ಈಗ ಬದುವಿನ ಮೇಲೆ ಒಬ್ಬ ಹುಡುಗ ಕೊರಳಿಗೆ ಡಬ್ಬಿ ನೇತುಹಾಕಿಕೊಂಡು ನಿಂತರೆ ಸಾಕು. ಗಾಡಿ ನಿಲ್ಲಿಸಿ ಹತ್ತಿರ ಹೋದೆ. ಅವನ ಡಬ್ಬಿಯ ಮಡಚುವ ಆಂಟೆನಾ ಬುಡದಲ್ಲಿ ಬಿರಿದು ಒಳಗಿನ ತಂತಿ ಇಣುಕುತ್ತಿತ್ತು. ನಾನು ಜೇಬಿಗೆ ಕೈಹಾಕಿ ಊದಿನಕಡ್ಡಿ ತೆಗೆದೆ. ಹುಡುಗ ಎರಡು ಹೆಜ್ಜೆ ಹಿಂದೆ ಸರಿದು, "ಪೂಜಾ ಎಲ್ಲ ಮುಂಜಾನೇನೇ ಆಗ್ಯದ ಸರ" ಅಂದ.

ಹೊಳೆದಂಡೆಗೆ ಬಂದಾಗ ಜನ ಹೆಚ್ಚಿದ್ದರು. ಸುದ್ದಿ ಹಬ್ಬಿತ್ತು. ಹುಡುಗರು ಜಾಲಿಯ ಸುತ್ತ ಮೊದಲೇ ಜಾಗ ಹಿಡಿದು ಕೂತಿದ್ದರು, ಇಬ್ಬರು ಮಂಡಾಳಿನ ಪೊಟ್ಟಣ ಬಿಚ್ಚಿಕೊಂಡು. ವಿಮಾನ ಎದ್ದಿತು. ಕಡ್ಡಿಯನ್ನು ಮೂಲೆಗೆ ಒತ್ತಿದೆ, ಎಷ್ಟು ಹೇಳಿದೆನೋ ಅಷ್ಟೇ ಹೊರಳಿತು. ಎಡಕ್ಕೆ, ಬಲಕ್ಕೆ, ಗುಡಿಯ ದಿಕ್ಕಿಗೆ ಒಂದು ದೊಡ್ಡ ಸುತ್ತು. ಹತ್ತು ನಿಮಿಷ ಹಾರಿ, ಉಸುಕಿನ ಮೇಲೆ ಹೊಟ್ಟೆಯೂರಿ ಮೆಲ್ಲಗೆ ಇಳಿಯಿತು.

ತಿರುಗಿ ನೋಡಿದರೆ ಹುಡುಗರೆಲ್ಲ ಆಗಲೇ ಊರ ಕಡೆ ಹೊರಟಿದ್ದರು. ಮಾವನವರೊಬ್ಬರೇ ಉಳಿದಿದ್ದರು. ಖಾಲಿ ಜಾಲಿಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ರಿಪೇರಿ ಮಾಡಿಸಿ ಕೆಡಿಸಿಬಿಟ್ರಲ್ರೀ ಅಳಿಯಂದ್ರ" ಅಂದರು.