ಕಾಶ್ಯಪ ಗೋತ್ರದ ಎಡ್ವರ್ಡ್ ಆಂಗಲ್

ಬೇರೆ ಡಾಕ್ಟರು ತೀರಿಕೊಂಡರೆ ಅವರ ರೋಗಿಗಳು ನಾಲ್ಕು ದಿನ ಮರುಗಿ ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತಾರೆ. ಹಲ್ಲಿಗೆ ಕ್ಲಿಪ್ ಹಾಕುವ ನಮ್ಮ ವಿಷಯ ಅಷ್ಟು ಸಲೀಸಲ್ಲ. ಹಲ್ಲು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಸರಿಯುತ್ತದೆ. ಒಂದೊಂದು ಬಾಯಿಗೂ ಒಂದೂವರೆ, ಎರಡು ವರ್ಷ ಬೇಕು. ಯಮನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮಲ್ಲಿ ಯಾರು ಯಾವತ್ತು ಹೊರಟರೂ ಒಂದಷ್ಟು ಬಾಯಿಗಳನ್ನು ಅರ್ಧಕ್ಕೆ ಬಿಟ್ಟೇ ಹೊರಡುವುದು.

ಮೈಸೂರಿನಿಂದ ವಾರಕ್ಕೊಂದು ದಿನ ನಂಜನಗೂಡಿಗೆ, ಒಂದು ದಿನ ತಿ. ನರಸೀಪುರಕ್ಕೆ ಇಕ್ಕಳಗಳ ಡಬ್ಬಿ ಹಿಡಿದು ಹೋಗಿಬರುವ ವಕ್ರದಂತ ತಜ್ಞ ನಾನು. ಊರಿನ ದಂತವೈದ್ಯರು ಹಲ್ಲು ಕೀಳುತ್ತಾರೆ, ಸಿಮೆಂಟ್ ತುಂಬುತ್ತಾರೆ. ಕ್ಲಿಪ್ಪಿನ ಕೇಸುಗಳನ್ನು ಮಾತ್ರ ನಮಗೆಂದು ಎತ್ತಿಟ್ಟಿರುತ್ತಾರೆ. ನನಗಿಂತ ಮೊದಲು ಈ ಎರಡೂ ಊರು ನನ್ನ ಸೀನಿಯರ್ ಒಬ್ಬರದಾಗಿತ್ತು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ, ಮುಂದೆ ಡಿಗ್ರಿ ಹಾಕುವುದನ್ನು ಮರೆತೆಯಲ್ಲಯ್ಯ ಎಂದು ಮೇಲಿನಿಂದಲೇ ಗದರುವ ಆಸಾಮಿ.

ನಂಜನಗೂಡಿನ ಮಕ್ಕಳಿಗೆ ಅವರು ಹೇಳುತ್ತಿದ್ದ ಪಥ್ಯ ಪ್ರಸಿದ್ಧವಾಗಿತ್ತು. "ಚಕ್ಕುಲಿ, ಕೋಡುಬಳೆ ಎರಡು ವರ್ಷ ಮರೆತುಬಿಡು. ನಿಮ್ಮೂರಲ್ಲೇ ರಸಬಾಳೆ ಇದೆ, ಅದನ್ನ ತಿನ್ನು." ಸೊರಗು ರೋಗ ಬಡಿದು, ತೋಟಗಳೇ ವಿರಳವಾಗಿ, ಭೌಗೋಳಿಕ ಗುರುತಿನ ಸರ್ಟಿಫಿಕೇಟು ಇದ್ದರೂ ಸಂತೆಯಲ್ಲಿ ಕಣ್ಣಿಗೆ ಬೀಳದ ಹಣ್ಣನ್ನು ಪಥ್ಯಕ್ಕೆ ಬರೆಯುವ ಧೈರ್ಯ ಅವರೊಬ್ಬರಿಗೇ ಇತ್ತು.

ಆ ಊರಿನಲ್ಲಿ ಹಲ್ಲಿನ ಡಾಕ್ಟರಾಗಿ ಗೌರವ ಸಂಪಾದಿಸುವುದೂ ಸುಲಭವಲ್ಲ. ಬಿ. ವಿ. ಪಂಡಿತರು ಅಲ್ಲಿ ಸದ್ವೈದ್ಯಶಾಲೆ ತೆರೆದದ್ದು 1913ರಲ್ಲಿ. ನಂಜನಗೂಡು ಹಲ್ಲುಪುಡಿ ಎಂದರೆ ಊರಿನ ಹೆಸರಿಗೇ ಅಂಟಿಕೊಂಡ ಮಾತು. ಮೊಮ್ಮಗಳ ಜೊತೆ ಬಂದ ಅಜ್ಜನೊಬ್ಬರು ತಮ್ಮ ಹಲ್ಲನ್ನೆಲ್ಲ ತೋರಿಸಿ, "ನಂಗೆ ಪುಡಿ ಸಾಕಾಯ್ತು ಕಣಪ್ಪ, ಇವಳಿಗೆ ತಂತಿ ಯಾಕೆ?" ಎಂದು ಕೇಳಿದ್ದರು. ಸೀನಿಯರ್ ತಲೆಯೆತ್ತದೆ ಉತ್ತರ ಕೊಟ್ಟರು: "ಪುಡಿ ಹಲ್ಲನ್ನ ಉಳಿಸುತ್ತೆ ಯಜಮಾನ್ರೇ, ಸಾಲಾಗಿ ನಿಲ್ಲಿಸಲ್ಲ."

ನರಸೀಪುರದ ಕಥೆ ಬೇರೆ. ಅದು ಕಬ್ಬಿನ ಸೀಮೆ. ಸಂಕ್ರಾಂತಿಯ ಮಾರನೇ ದಿನ ಕ್ಲಿನಿಕ್ಕಿನ ಮುಂದೆ ಮಕ್ಕಳ ಸಾಲು. ಒಬ್ಬೊಬ್ಬರ ಕೈಯಲ್ಲೂ ಕಾಗದದ ಪೊಟ್ಟಣ, ಅದರೊಳಗೆ ಕಿತ್ತುಬಂದ ಬ್ರಾಕೆಟ್ಟು. ಕಬ್ಬು ತಿಂದೆ ಎಂದು ಯಾರೂ ಒಪ್ಪುವುದಿಲ್ಲ. "ಅನ್ನ ತಿಂತಿದ್ದೆ ಸಾ, ತಾನಾಗೇ ಬಂತು." ಅಲ್ಲಿನ ಗುಂಜಾ ನರಸಿಂಹಸ್ವಾಮಿಗೆ ಕೈಮುಗಿದು ಬಂದಾಗಲೆಲ್ಲ ಸೀನಿಯರ್ ಹೇಳುವುದಿತ್ತು: ಕೋರೆಹಲ್ಲು ಮುಂದೆ ಬಂದಿದ್ದರೂ ಯಾರೂ ಕ್ಲಿಪ್ ಹಾಕಿಸಿಕೋ ಎನ್ನದೆ ಇರುವುದು ಈ ದೇವರಿಗೆ ಮಾತ್ರ.

ಒಂದು ಬೆಳಿಗ್ಗೆ ವಾಕಿಂಗಿಗೆಂದು ಹೋದವರು ವಾಪಸು ಬರಲಿಲ್ಲ. ಹದಿಮೂರನೆಯ ದಿನ ವೈಕುಂಠ ಸಮಾರಾಧನೆಯ ಊಟ ಮುಗಿಸಿ, ಮೂರ್ನಾಲ್ಕು ಜನ ಸಹೋದ್ಯೋಗಿಗಳು ಅವರ ಕೇಸುಗಳನ್ನು ಹಂಚಿಕೊಂಡೆವು. ಹಣ ಪೂರ್ತಿ ಕೊಟ್ಟವರಿಂದ ಮತ್ತೆ ಕಾಸು ಕೇಳಬಾರದು ಎಂದಾಯಿತು. ಈ ಸುದ್ದಿ ಕಪಿಲೆಗಿಂತ ವೇಗವಾಗಿ ಹರಿಯಿತು. "ದೊಡ್ಡ ಡಾಕ್ಟ್ರು ನಂಗೆ ಐದು ಸಾವಿರ ಬಿಡ್ತೀನಿ ಅಂದಿದ್ರು." "ನಮ್ಮ ಹುಡುಗನಿಗೆ ಕೊನೇ ಕಂತೇ ಬೇಡ ಅಂದಿದ್ರು." ಬದುಕಿದ್ದಾಗ ಐವತ್ತು ರೂಪಾಯಿ ಬಿಡದ ಮನುಷ್ಯ ಸತ್ತಮೇಲೆ ಕರ್ಣನಾದರು. ವಾದಿಸಲು ಸಾಕ್ಷಿಯಾದರೂ ಎಲ್ಲಿದೆ?

ಕೇಸಿನ ಚೀಟಿ ಓದುವ ಮೊದಲೇ ಇದು ಅವರ ಕೆಲಸ ಎಂದು ನನಗೆ ತಿಳಿಯುತ್ತಿತ್ತು. ದವಡೆ ಹಲ್ಲಿನ ಕೊಳವೆಗೆ ತುಸು ಮುಂದೆ ತಂತಿಯನ್ನು ಸಣ್ಣ ಕುಣಿಕೆಯಾಗಿ ಬಗ್ಗಿಸುವುದುಂಟು. ನಮ್ಮಲ್ಲಿ ಹೆಚ್ಚಿನವರದು ಒಂದು ಪಕ್ಕಕ್ಕೆ ವಾಲಿರುತ್ತದೆ. ಅವರದು ನೆಟ್ಟಗೆ, ಎರಡು ಕಾಲೂ ಸಮ. ಕಟ್ಟುತಂತಿಯ ತುದಿಯನ್ನು ತಿರುಚಿ, ಕತ್ತರಿಸಿ, ಒಳಕ್ಕೆ ಮಡಚಿ, ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಕೆನ್ನೆಗೆ ಚುಚ್ಚಿತೆಂದು ಅವರ ರೋಗಿ ಯಾರೂ ಬಂದದ್ದಿಲ್ಲ. ಆ ತಂತಿಯನ್ನು ಬಿಚ್ಚಿ ನನ್ನದನ್ನು ಹಾಕುವುದಕ್ಕೆ ಎಷ್ಟೋ ಸಲ ಕೈ ಬಂದಿಲ್ಲ. ಇನ್ನೊಂದು ತಿಂಗಳು ಇರಲಿ ಎಂದು ರಬ್ಬರು ಮಾತ್ರ ಬದಲಾಯಿಸಿ ಕಳಿಸಿದ್ದೇನೆ. ಈಗ ನಿಟಿನಾಲ್ ತಂತಿ ಕಾರ್ಖಾನೆಯಿಂದಲೇ ಆಕಾರ ಹೊತ್ತು ಬರುತ್ತದೆ. ಅಲೈನರ್ ಆದರೆ ತಂತಿಯೂ ಇಲ್ಲ. ರೋಗಿಗೆ ಅನುಕೂಲವೇ, ಬೇಡವೆನ್ನಲಾರೆ. ಆದರೆ ನಾನು ಹೋದಮೇಲೆ ಯಾರದೋ ಬಾಯೊಳಗೆ ನೋಡಿ "ಇದು ಅವನ ಕೈ" ಎನ್ನಲು ಏನೂ ಉಳಿದಿರುವುದಿಲ್ಲ.

ಅವರ ಮನೆಯವರಿಗೆ ಬೇರೆ ತಲೆನೋವು. ಮನೆಯ ಹಿಂದಿನ ಕೋಣೆಯ ತುಂಬ ಪ್ಲಾಸ್ಟರಿನ ಹಲ್ಲು ಅಚ್ಚುಗಳು. ಚಿಕಿತ್ಸೆಗೆ ಮೊದಲು ಒಂದು, ಮುಗಿದಮೇಲೆ ಒಂದು. ಬುಡದಲ್ಲಿ ಪೆನ್ಸಿಲಿನಲ್ಲಿ ಹೆಸರು, ವಯಸ್ಸು, ತಾರೀಖು. ಕಸ ಗುಡಿಸುವ ಹೆಂಗಸು ಆ ಕೋಣೆಗೆ ಕಾಲಿಡಲು ಒಲ್ಲಳು. "ಏನ್ ಮಾಡ್ಲಿ ಇವನ್ನ? ಬಿಸಾಕೋಣ ಅಂದ್ರೆ ಎಲ್ಲರೂ ನನ್ನ ನೋಡಿ ಹಲ್ಲು ಕಿರೀತಾರೆ," ಎಂದರು ಅತ್ತಿಗೆ. ಒಂದಷ್ಟನ್ನು ಕಾಲೇಜಿಗೆ ಕೊಟ್ಟೆವು.

ಹಾಗೆ ನೋಡಿದರೆ ಸತ್ತವರ ಹೆಸರಿಲ್ಲದೆ ನಮ್ಮ ಕ್ಲಿನಿಕ್ಕು ಒಂದು ಗಳಿಗೆಯೂ ನಡೆಯುವುದಿಲ್ಲ. "ಸಾರ್, ಟ್ವೀಡ್ ಕೊಡ್ಲಾ?" ಎನ್ನುತ್ತಾಳೆ ಸಹಾಯಕಿ. ಟ್ವೀಡ್ ತೀರಿಕೊಂಡದ್ದು 1970ರಲ್ಲಿ, ಇಕ್ಕಳ ಉಳಿಯಿತು. "ಆಡಮ್ಸ್ ತುಕ್ಕು ಹಿಡಿದಿದೆ." "ಹಾಲಿ ಪ್ಲೇಟು ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟಿದ್ದೆ, ಅಮ್ಮ ಕಸಕ್ಕೆ ಹಾಕ್ಬಿಟ್ರು." ಎಲ್ಲರ ಮೇಲೆ ಅಮೆರಿಕದ ಎಡ್ವರ್ಡ್ ಆಂಗಲ್. 1899ರಲ್ಲಿ ಆತ ಮಾಡಿದ ವಿಂಗಡಣೆಯಂತೆ ಇವತ್ತಿಗೂ ನಾವು ಕ್ಲಾಸ್ ಒನ್, ಟೂ, ತ್ರೀ ಎಂದು ಬರೆಯುವುದು. ಸಾಲಿಗೆ ಜಾಗ ಮಾಡಲು ಹಲ್ಲು ಕೀಳಕೂಡದೆಂಬುದು ಆತನ ಹಟ. 1930ರಲ್ಲಿ ಆತ ಹೋದ ಮೇಲೆ ಶಿಷ್ಯರಾದ ಟ್ವೀಡ್ ಅಮೆರಿಕದಲ್ಲಿ, ರೇಮಂಡ್ ಬೆಗ್ ಆಸ್ಟ್ರೇಲಿಯಾದಲ್ಲಿ ಹಲ್ಲು ಕಿತ್ತೇ ಸಾಲು ಕೂಡಿಸಿದರು. ನಮ್ಮ ಸೀನಿಯರ್ ಕಲಿತದ್ದು ಬೆಗ್ ಪದ್ಧತಿಯನ್ನೇ. ಒಂದು ಕಾಲಕ್ಕೆ ದೇಶದ ತುಂಬ ಅದೇ ನಡೆಯುತ್ತಿತ್ತು.

ಹೋದ ಮಹಾಲಯ ಪಕ್ಷದಲ್ಲಿ ನರಸೀಪುರದ ಸಂಗಮದಲ್ಲಿ ಅಪ್ಪನಿಗೆ ಎಳ್ಳುನೀರು ಬಿಡಲು ಕೂತಿದ್ದೆ. ಕಾವೇರಿ, ಕಪಿಲೆ ಎರಡೂ ತುಂಬಿದ್ದವು. ಸ್ಫಟಿಕ ಸರೋವರ ಎಂದಿನಂತೆ ನಂಬಿಕೆಯಲ್ಲಿತ್ತು. ಪಿತೃಗಳೆಲ್ಲ ಮುಗಿದಮೇಲೆ ಗುರು, ಆಚಾರ್ಯ, ಸಖ ಎಂದು ಬರುತ್ತದಲ್ಲ, ಅಲ್ಲಿ ಸೀನಿಯರ್ ಹೆಸರು ಹೇಳಿದೆ. ಪುರೋಹಿತರು ಗೋತ್ರ ಕೇಳಿದರು. ಅವರ ಬಾಯಿಯ ಎಕ್ಸ್-ರೇ ಗೊತ್ತಿತ್ತು, ಗೋತ್ರ ಗೊತ್ತಿರಲಿಲ್ಲ. "ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ, ಬಿಡಿ," ಎಂದರು. ಇಷ್ಟು ಸುಲಭವಿದೆಯೆಂದು ತಿಳಿದಮೇಲೆ ನನಗೆ ಆಸೆ ತಡೆಯಲಿಲ್ಲ. ಆಂಗಲ್ ಎಂದೆ. ಪುರೋಹಿತರು ಕಣ್ಣು ಪಿಳುಕಿಸಲಿಲ್ಲ: "ಕಾಶ್ಯಪ ಗೋತ್ರದ ಆಂಗಲ್ ಶರ್ಮ." ಆಮೇಲೆ ಟ್ವೀಡ್ ಶರ್ಮ, ಬೆಗ್ ಶರ್ಮ. ಹಲ್ಲಿನ ವಿಷಯದಲ್ಲಿ ಒಮ್ಮತಕ್ಕೆ ಬಾರದ ಗುರುಶಿಷ್ಯರಿಗೆ ಒಂದೇ ಬೊಗಸೆಯ ನೀರು ಹೋಯಿತು.

ಎದ್ದು ಪಂಚೆ ಹಿಂಡಿಕೊಂಡು ದಕ್ಷಿಣೆ ಎಷ್ಟೆಂದು ಕೇಳಿದೆ. ಹೆಸರುಗಳು ಪಟ್ಟಿಗಿಂತ ಜಾಸ್ತಿಯಾದವು ಎಂದು ಬೆರಳು ಮಡಚಿ ಲೆಕ್ಕ ಹಾಕಿದರು. ನಂತರ, "ಕೈಯಲ್ಲಿ ಕೊಡೋದು ಬೇಡ ಡಾಕ್ಟ್ರೇ, ಮಗಳ ಕ್ಲಿಪ್ಪಿನ ಬಾಕಿಯಲ್ಲಿ ಮುರಿದುಕೊಳ್ಳಿ," ಎಂದರು. "ಹಾಗೇ, ಆ ದೊಡ್ಡ ಡಾಕ್ಟ್ರೂ ನಮಗೆ ಒಂದೆರಡು ಸಾವಿರ ಬಿಡ್ತೀನಿ ಅಂದಿದ್ರು."