ಮೋಚಣ್ಣನ ಆಡಿಟರು

ಬೆಕ್ಕು ಸಾಕಿದವರ ಮನೆಗೆ ಹೋದರೆ ಕುಡಿಯುವ ನೀರಿಗಿಂತ ಮೊದಲು ಪ್ರಶ್ನೆ ಬರುತ್ತದೆ: “ನಮ್ಮನೇಲಿ ವಾಸನೆ ಇದೆಯಾ?” ಇಲ್ಲ ಅಂದರೆ ದಾಕ್ಷಿಣ್ಯಕ್ಕೆ ಹೇಳುತ್ತಿದ್ದಾನೆ ಎಂದು ನಂಬುವುದಿಲ್ಲ. ಇದೆ ಅಂದರೆ ಮುಖ ಸಣ್ಣದಾಗುತ್ತದೆ. ಸ್ವಲ್ಪ ಅಂದಿರೋ, ಕೆಟ್ಟಿರಿ. ಯಾವ ಮೂಲೆಯಿಂದ, ಬಾಗಿಲು ದಾಟುವಾಗಲೋ ಕೂತ ಮೇಲೋ, ಘಾಟೋ ಹುಳಿಯೋ ಎಂದು ಪಾಟೀಸವಾಲು ಶುರುವಾಗುತ್ತದೆ. ನಾಯಿ ಸಾಕಿದವರಿಗೆ ಈ ಕೊರಗಿಲ್ಲ. ನಾಯಿ ತನ್ನ ವ್ಯವಹಾರವನ್ನು ಪಕ್ಕದ ಮನೆಯ ಗೇಟಿನೆದುರು ಮುಗಿಸಿ ಬರುತ್ತದೆ, ಚಿಂತೆ ಪಕ್ಕದ ಮನೆಯವರದು. ಬೆಕ್ಕು ಮರ್ಯಾದಸ್ಥ ಪ್ರಾಣಿ. ಮನೆಯೊಳಗೇ ಮಾಡಿ ಮಣ್ಣು ಮುಚ್ಚುತ್ತದೆ. ಮುಚ್ಚಿದ್ದನ್ನು ಅಗೆಯುವ ಕೆಲಸ ಸಾಕಿದವರ ಪಾಲಿಗೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಜಾತಿಯವರು ಈಗ ಬೇಕಾದಷ್ಟಿದ್ದಾರೆ. ಅತಿಥಿ ಲಿಫ್ಟಿನಲ್ಲಿರುವಾಗಲೇ ಊದುಬತ್ತಿ ಹಚ್ಚುವವರು, ಡಿಸೆಂಬರ್ ಚಳಿಯಲ್ಲೂ ಕಿಟಕಿ ತೆರೆದಿಟ್ಟು ತಾವು ಶಾಲು ಹೊದೆಯುವವರು, “ಬೆಕ್ಕಿಗೆ ವಾಸನೆಯೇ ಇರಲ್ಲ ಕಣ್ರೀ” ಎಂದು ಸಾಧಿಸುವವರು. ಇವರನ್ನೆಲ್ಲ ಸಹಿಸಬಹುದು. ನನ್ನ ಹಣೆಯಲ್ಲಿ ಬರೆದಿರುವುದು ಮಾತ್ರ ನನ್ನ ಷಡ್ಡಕರು.

ಭಾವ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರು ಬರುತ್ತಾರೆಂದು ಸುಳಿವು ಸಿಕ್ಕಿದರೆ ಶಾಖೆಯ ಮ್ಯಾನೇಜರುಗಳಿಗೆ ಹೊಟ್ಟೆ ಕೆಡುತ್ತಿತ್ತಂತೆ. ಮನೆಯಲ್ಲಿ ಉಂಡ ತಟ್ಟೆ ಎತ್ತಿದವರಲ್ಲ, ಒಗೆಯುವ ಬಟ್ಟೆಯ ಬುಟ್ಟಿ ಎಲ್ಲಿದೆ ಎಂಬುದೂ ತಿಳಿದಿರಲಿಲ್ಲ. ಮಗಳು ಕಂದುಬಣ್ಣದ ಒಂದು ಮರಿ ತಂದು ‘ಮೋಚಾ’ ಎಂದು ಹೆಸರಿಟ್ಟು, ಅದು ದೊಡ್ಡದಾಗುವ ಹೊತ್ತಿಗೆ ಕೆಲಸ ಸಿಕ್ಕಿ ಟೊರಾಂಟೊಗೆ ಹಾರಿದಳು. “ಅಪ್ಪಾ, ಮನೆ ಸಿಗೋವರೆಗೆ ನೋಡ್ಕೋ” ಅಂದಳು. ಮೋಚಾ ಬರಬರುತ್ತ ಮೋಚಣ್ಣನಾದ. ಇನ್‌ಸ್ಪೆಕ್ಟರಿಗೆ ಹೊಸ ಶಾಖೆ ಸಿಕ್ಕಿತು.

ಮೊದಲು ರಿಜಿಸ್ಟರು ಬಂತು. ಉದ್ದನೆಯ ಲೆಡ್ಜರು, ಕೆಂಪು ಗೆರೆ. ತಾರೀಖು, ಸಮಯ, ಉಂಡೆಗಳ ಸಂಖ್ಯೆ, ಗಾತ್ರ (ನೆಲ್ಲಿಕಾಯಿ, ನಿಂಬೆ, ಮೂಸಂಬಿ ಎಂದು ಮೂರು ದರ್ಜೆ), ಷರಾ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಕನ್ನಡಕ ಮೂಗಿಗಿಳಿಸಿ, ತೂತಿನ ಸೌಟು ಹಿಡಿದು ಡಬ್ಬದೆದುರು ಕುಕ್ಕರುಗಾಲಲ್ಲಿ ಕೂರುತ್ತಾರೆ. ರಾತ್ರಿ ಊಟವಾದ ಮೇಲೆ ಇನ್ನೊಮ್ಮೆ. “ನೋಡು ಮಾರಾಯ, ಹೊಸ ಮೂತ್ರಕ್ಕೆ ಅಂಥ ನಾತ ಇರೋದಿಲ್ಲ. ಒಳಗಿರೋದು ಯೂರಿಯಾ, ನಿಮ್ಮ ಅಡಿಕೆ ತೋಟಕ್ಕೆ ಹಾಕ್ತೀರಲ್ಲ, ಅದೇ. ಬ್ಯಾಕ್ಟೀರಿಯಾ ಬಂದು ಅದನ್ನ ಒಡೆದು ಅಮೋನಿಯಾ ಮಾಡ್ತವೆ. ಅದಕ್ಕೆ ಮೊದಲೇ ನಾವು ಎತ್ತಿಬಿಡಬೇಕು. ಸಾಲ 90 ದಿನ ಬಾಕಿ ಬಿದ್ರೆ ಎನ್‌ಪಿಎ. ಇದಕ್ಕೆ 12 ಗಂಟೆ.”

ಈ ಉಪನ್ಯಾಸ ನನಗೆ ಊಟದ ನಡುವೆ, ಸಾರಿನ ಹಂತದಲ್ಲಿ ಸಿಗುತ್ತದೆ. ಕಾಫಿಯ ಹಂತಕ್ಕೆ ಬೇರೆ ಅಧ್ಯಾಯವಿದೆ. ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಎಂಬ ಅಮೈನೋ ಆಮ್ಲವಿದೆ, ಅದು ಒಡೆದಾಗ ಗಂಧಕದ ಸಂಯುಕ್ತ ಹೊರಡುತ್ತದೆ, ಬೆಕ್ಕಿನದೇ ಅನ್ನುವ ಆ ವಿಶಿಷ್ಟ ಕಮಟು ಅದರದು. ಬೀಜ ತೆಗೆಸದ ಗಂಡಿನಲ್ಲಿ ಫೆಲಿನೀನ್ ಜಾಸ್ತಿ, ಆದ್ದರಿಂದ ಮೋಚಣ್ಣನಿಗೆ ಆಪರೇಷನ್ ಆಗಿದೆ. ಇಷ್ಟು ಹೇಳಿ, ನಾನು ಲೋಟ ತುಟಿಗಿಡುವ ಕ್ಷಣಕ್ಕೆ ಕಾದು, “ಹುರಿದ ಕಾಫಿಯ ಘಮದಲ್ಲೂ ಇದೇ ಕುಲದ ಗಂಧಕ ಇದೆಯಂತೆ, ಗೊತ್ತಾ?” ಅನ್ನುತ್ತಾರೆ. ಚಿಕ್ಕಮಗಳೂರಿನಿಂದ ನಾನೇ ತಂದುಕೊಟ್ಟ ಪುಡಿ ಅದು.

ಡಬ್ಬದೊಳಗಿನ ಮಣ್ಣಿನ ವಿಚಾರದಲ್ಲಿ ಅವರು ನಡೆಸಿದ ಪ್ರಯೋಗಗಳನ್ನು ಅತ್ತಿಗೆಯ ಬಾಯಲ್ಲೇ ಕೇಳಬೇಕು. ಮರದ ಹೊಟ್ಟು ಹಾಕಿದರೆ ಮೋಚಣ್ಣ ಮನೆಯಿಡೀ ಹರಡಿದ. ಸೋಯಾ ಹಿಂಡಿಯಿಂದ ಮಾಡಿದ ಕಾಳು ಬಂತು, ಅದನ್ನು ತಿನ್ನಲು ನೋಡಿದ. ಮಲ್ಲಿಗೆ ವಾಸನೆಯದು ತಂದರೆ ಡಬ್ಬವನ್ನೇ ಬಹಿಷ್ಕರಿಸಿ ಭಾವನ ಚಪ್ಪಲಿಯಲ್ಲಿ ಹೋಗಿ ಕೂತ. ಕೊನೆಗೆ ನಿಂತದ್ದು ಬೆಂಟೊನೈಟ್. ಗುಜರಾತಿನ ಕಚ್ಛ್‌ನಲ್ಲಿ ಅಗೆದು ತೆಗೆಯುವ ಜೇಡಿ. ಒದ್ದೆಯಾದರೆ ಉಬ್ಬಿ ಉಂಡೆ ಕಟ್ಟುತ್ತದೆ, ಎತ್ತಲು ಸಲೀಸು, ಎಣಿಸಲು ಇನ್ನೂ ಸಲೀಸು. ಉಬ್ಬುವ ಗುಣ ಕೊಳವೆಯೊಳಗೂ ಹೋಗುವುದಿಲ್ಲ ಎಂಬುದು, ಒಮ್ಮೆ ಅದನ್ನು ಕಮೋಡಿಗೆ ಸುರಿದ ಮೇಲೆ, ಕೆಳಗಿನ ಎರಡು ಮನೆಯವರಿಗೂ ತಿಳಿಯಿತು. ಅಸೋಸಿಯೇಷನ್ನಿನವರು ಬರೆದ ಪತ್ರವನ್ನು ಭಾವ ರಿಜಿಸ್ಟರಿನಲ್ಲೇ ಅಂಟಿಸಿಕೊಂಡಿದ್ದಾರೆ.

ಇತಿಹಾಸವನ್ನೂ ಬಿಟ್ಟಿಲ್ಲ. 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂದರೆ ಬೆಕ್ಕುಗಳಿಗೂ ಅದೇ ವರ್ಷ ಬಂತೆಂದು ಅವರ ವಾದ. ಅಮೆರಿಕದ ಮಿಶಿಗನ್‌ನಲ್ಲಿ ಎಡ್ವರ್ಡ್ ಲೋ ಎಂಬಾತನ ಹತ್ತಿರ ನೆರೆಯ ಹೆಂಗಸೊಬ್ಬಳು ಬೆಕ್ಕಿನ ಡಬ್ಬಕ್ಕೆ ಏನಾದರೂ ಕೇಳಿಕೊಂಡು ಬಂದಳು. ಬೂದಿ ಹಾಕಿದರೆ ಮನೆಯೆಲ್ಲ ಕಪ್ಪು ಹೆಜ್ಜೆ. ಅವನು ತನ್ನಲ್ಲಿದ್ದ ಹೀರುವ ಜೇಡಿ ಕೊಟ್ಟ. ಹಿಡಿಸಿತು. ಆಮೇಲೆ ಐದು ಪೌಂಡಿನ ಚೀಲಕ್ಕೆ ತುಂಬಿ 65 ಸೆಂಟಿಗೆ ಮಾರಲು ಹೊರಟರೆ, ಪುಕ್ಕಟೆ ಮರಳು ಸಿಗುವಾಗ ಮಣ್ಣನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂದು ಅಂಗಡಿಯವನು ನಕ್ಕನಂತೆ. ಹಾಗಾದರೆ ಸುಮ್ಮನೆ ಹಂಚು ಎಂದು ಬಿಟ್ಟು ಬಂದ. ಮುಂದೆ ಅದೇ ಮಣ್ಣಿನಿಂದ ಕೋಟ್ಯಧೀಶನಾದ. ಕಥೆ ಸೊಗಸಾಗಿಯೇ ಇದೆ. ಆದರೆ ಭಾವ ಅಲ್ಲಿಗೆ ನಿಲ್ಲಿಸದೆ, ಆ ಜೇಡಿಯೂ ಅತ್ತಿಗೆ ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯೂ ಒಂದೇ ಜಾತಿ ಎಂದು ನೆಂಟರೆದುರು ಸೇರಿಸಿಬಿಟ್ಟರು. ಅತ್ತಿಗೆ ಅಂದಿನಿಂದ ಕಡಲೆಹಿಟ್ಟಿಗೆ ಬದಲಾಯಿಸಿದ್ದಾರೆ. ಒಂದು ವಾರ ಇವರಿಗೆ ತಂಗಳನ್ನವೇ ಗತಿಯಾಯಿತು ಎಂಬ ವರದಿಯೂ ಇದೆ.

ಇಷ್ಟಾದರೂ ನಾನು ದೂರುತ್ತಿರಲಿಲ್ಲ. ನನ್ನ ನಿಜವಾದ ಕಷ್ಟ ನನ್ನ ಮೂಗು.

ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ತನ್ನ ಮನೆಯ ವಾಸನೆ ಯಾರಿಗೂ ಬರುವುದಿಲ್ಲ. ಇದನ್ನು ಓದಿದ ದಿನದಿಂದ ಭಾವ ತಮ್ಮ ಮೂಗನ್ನು ಸಸ್ಪೆಂಡ್ ಮಾಡಿದ್ದಾರೆ. ಹೆಂಡತಿಯ ಮೂಗೂ ಕುಟುಂಬದ್ದಾದ್ದರಿಂದ ಅಮಾನ್ಯ. ಹೊರಗಿನ ಆಡಿಟರು ಬೇಕು. ಷಡ್ಡಕನಿಗಿಂತ ನಿಷ್ಪಕ್ಷಪಾತಿ ಯಾರಿದ್ದಾರೆ? ಹಬ್ಬಕ್ಕೆ ಕರೆದರೆ ಬಾಗಿಲಲ್ಲೇ ತಡೆದು, ಕಣ್ಣು ಮುಚ್ಚಿಸಿ, “ಉಸಿರು ಎಳ್ಕೋ, ಬಿಡಬೇಡ, ಈಗ ಹೇಳು” ಅನ್ನುತ್ತಾರೆ. ಹಿಂದಿನಿಂದ ನನ್ನ ಹೆಂಡತಿ ಹೋಳಿಗೆ ಡಬ್ಬ ಹಿಡಿದು ನಿಂತಿರುತ್ತಾಳೆ. ಎದುರುಮನೆಯವರು ಬಾಗಿಲು ಸಂದಿಯಿಂದ ನೋಡುತ್ತಾರೆ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಫೋನು. “ತಕ್ಷಣ ಹೊರಟು ಬಾ. ಹಾಲ್‌ನಲ್ಲಿ ಏನೋ ವಾಸನೆ ಬಂದಿದೆ. ನನ್ನ ಮೂಗಿಗೇ ಬರ್ತಾ ಇದೆ ಅಂದ್ರೆ ಯೋಚಿಸು.” ಹೋಗಿ ನೋಡಿದರೆ ಮನೆ ದಾಳಿಗೊಳಗಾಗಿತ್ತು. ಸೋಫಾದ ದಿಂಬುಗಳು ಬಾಲ್ಕನಿಯಲ್ಲಿ, ಜಮಖಾನೆ ಕಂಬಿಯ ಮೇಲೆ. ಡಬ್ಬ ಖಾಲಿ ಮಾಡಿ ಸೋಪುನೀರಲ್ಲಿ ತೊಳೆದು ಬಿಸಿಲಿಲ್ಲದ ಬಿಸಿಲಿಗೆ ಒಣಹಾಕಿದ್ದರು. ಬೆಕ್ಕು ಒಂದಾದರೆ ಡಬ್ಬ ಎರಡಿರಬೇಕು, ಬೆಕ್ಕುಗಳಿಗಿಂತ ಡಬ್ಬ ಯಾವತ್ತೂ ಒಂದು ಜಾಸ್ತಿ ಎಂಬ ನಿಯಮವಿರುವುದರಿಂದ, ಎರಡನೆಯದು ಅತಿಥಿಗಳ ಬಚ್ಚಲಲ್ಲಿದೆ. ಅದನ್ನೂ ತೊಳೆದಾಗಿತ್ತು. (ಆ ಬಚ್ಚಲಿಗೆ ಹೋದ ಅತಿಥಿ ಒಬ್ಬನೇ ಇರುವುದಿಲ್ಲ. ಮೋಚಣ್ಣ ಬಂದು ಎದುರಿಗೆ ತನ್ನ ಡಬ್ಬದಲ್ಲಿ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಬೇಗ ಮುಗಿಸಿದವನು ಅವನೇ.) ಕೆಲಸದಾಕೆ ಫಿನಾಯಿಲ್ ತಂದರೆ, “ಬೆಕ್ಕಿನ ಲಿವರಿಗೆ ಅದನ್ನ ಅರಗಿಸೋ ಶಕ್ತಿ ಇಲ್ಲಮ್ಮಾ” ಎಂದು ಕಿತ್ತುಕೊಂಡರು. ಬ್ಲೀಚಿಂಗ್ ನೀರು ತರಲು ಹೋದರೆ ಇನ್ನೂ ಜೋರಾಗಿ ಕೂಗಿದರು. ಅಮೋನಿಯಾಕ್ಕೆ ಬ್ಲೀಚು ಸೇರಿದರೆ ವಿಷದ ಗಾಳಿ ಹುಟ್ಟುತ್ತದೆ. ಇದು ಅವರು ಹೇಳಿದರೂ ನಿಜ. ನೀವೂ ಗಮನದಲ್ಲಿಡಿ. ಮೋಚಣ್ಣ ಫ್ರಿಜ್ಜಿನ ಮೇಲೆ ಕೂತು ಈ ಅವಮಾನವನ್ನೆಲ್ಲ ನೋಡುತ್ತಿದ್ದ.

ನನ್ನನ್ನು ಹಾಲಿನ ನಡುವೆ ನಿಲ್ಲಿಸಿದರು. ಉಸಿರೆಳೆದೆ. ತೀರ್ಥಹಳ್ಳಿ ಕಡೆ ಹುಟ್ಟಿದ ಮೂಗಿಗೆ ಅರೆ ಕ್ಷಣ ಸಾಕಾಯಿತು. ಅದು ಕಳಲೆ. ಎಳೆ ಬಿದಿರನ್ನು ಹೆಚ್ಚಿ ನೀರಲ್ಲಿ ನೆನೆಹಾಕಿದರೆ ಮೂರನೇ ದಿನಕ್ಕೆ ಏಳುವ ಆ ವಾಸನೆ ಮಲೆನಾಡಿನವನಿಗೆ ಬಾಯಲ್ಲಿ ನೀರು, ಮಿಕ್ಕವರಿಗೆ ಮೂಗಿಗೆ ಬಟ್ಟೆ. ಭಾವ ಮೈಸೂರಿನವರು. ಕಣ್ಣು ತೆರೆದು ಅಡುಗೆಮನೆ ಕಡೆ ನೋಡಿದೆ. ಅತ್ತಿಗೆ ಬಾಗಿಲಿಗೊರಗಿ ನಿಂತಿದ್ದರು. ತುಟಿಯ ಮೇಲೆ ಬೆರಳಿಡಲಿಲ್ಲ, ಅಷ್ಟೆಲ್ಲ ಬೇಕಾಗಿಯೂ ಇರಲಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಗಂಡ ಹಾಲನ್ನು ಗುಡಿಸಿ, ಒರೆಸಿ, ಸೋಫಾ ಸರಿಸಿ ಅದರಡಿಯ ಧೂಳು ತೆಗೆದಿದ್ದಾನೆ, ಅದನ್ನು ಹಾಳು ಮಾಡುವ ಧೈರ್ಯ ನಿನಗಿದೆಯಾ ಎಂದು ಆ ಮುಖ ಕೇಳುತ್ತಿತ್ತು.

“ಆ ಶೋಕೇಸಿನ ಹಿಂದೆ ಇರಬಹುದು ಭಾವ,” ಅಂದೆ.

ಶೋಕೇಸೂ ಕ್ಲೀನಾಯಿತು. ನನಗೆ ಸಂಜೆ ಕಳಲೆ ಪಲ್ಯ ಡಬ್ಬಿಯಲ್ಲಿ ಸಿಕ್ಕಿತು. ಆಡಿಟರುಗಳು ಹೇಗೆ ಕೆಡುತ್ತಾರೆ ಎಂದು ಭಾವನನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳಿಯಾರು.

ನಮ್ಮೂರ ಮನೆಯಲ್ಲಿ ಬೆಕ್ಕು ಎಲ್ಲಿ ಹೋಗಿ ಬರುತ್ತದೆ ಎಂದು ಕೇಳಿದವರಿಲ್ಲ. ಬಚ್ಚಲೊಲೆಯ ಬೂದಿ ಗುಡ್ಡೆ ಹಿತ್ತಲಲ್ಲಿತ್ತು, ಅದರಾಚೆ ತೋಟವಿತ್ತು. ಬೆಕ್ಕಿಗೆ ಹೆಸರೂ ಇರಲಿಲ್ಲ. ಹಾಲು ಕರೆಯುವ ಹೊತ್ತಿಗೆ ಬರುತ್ತಿತ್ತು, ಒಂದು ದಿನ ಬರುತ್ತಿರಲಿಲ್ಲ, ಆಮೇಲೆ ಇನ್ನೊಂದು ಬರುತ್ತಿತ್ತು. ಅದು ಹೋಯಿತೆಂದು ಅಜ್ಜಿ ಒಂದು ಸಲ ನಿಟ್ಟುಸಿರು ಬಿಟ್ಟರೆ ಅಲ್ಲಿಗೆ ಮುಗಿಯಿತು. ಮೂರನೇ ಮಹಡಿಯ ಬೆಕ್ಕಿಗೆ ತೋಟವಿಲ್ಲ. ಇರುವುದು ಒಂದು ಡಬ್ಬ, ಅದರೆದುರು ಕುಕ್ಕರುಗಾಲಲ್ಲಿ ಕೂತ ಒಬ್ಬ ಮುದುಕ.

ಆ ರಿಜಿಸ್ಟರನ್ನು ನಾನು ಸಾಕಷ್ಟು ಹಾಸ್ಯ ಮಾಡಿದ್ದೇನೆ. ಒಂದು ರಾತ್ರಿ ಅದರಲ್ಲಿ ಉಂಡೆಯ ಕಾಲಮ್ಮು ಖಾಲಿ ಉಳಿಯಿತು. ಮೋಚಣ್ಣ ಡಬ್ಬಕ್ಕೆ ಹತ್ತಿ ಇಳಿದು ಮಾಡುತ್ತಿದ್ದಾನೆ, ಮಣ್ಣು ಒಣಗಿಯೇ ಇದೆ. ಭಾವ ಬೆಳಗಿನವರೆಗೆ ಕಾಯದೆ ಟವಲಿನಲ್ಲಿ ಸುತ್ತಿ ಆಟೋ ಹಿಡಿದು ರಾತ್ರಿ ತೆರೆದಿರುವ ಆಸ್ಪತ್ರೆ ಹುಡುಕಿ ಹೋದರು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಡಾಕ್ಟರು ನಳಿಗೆ ಹಾಕಿ ಬಿಡಿಸಿದರಂತೆ. ಮರುದಿನದ ಷರಾ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ: “ನಿಂಬೆ ಗಾತ್ರ, 1. ದೇವರು ದೊಡ್ಡವನು.” ಬ್ಯಾಂಕಿನ ಯಾವ ರಿಪೋರ್ಟಿನಲ್ಲೂ ಅವರು ದೇವರನ್ನು ಉಲ್ಲೇಖಿಸಿದ್ದಿಲ್ಲ.

ದಿನಾ ರಾತ್ರಿ ಟೊರಾಂಟೊದಿಂದ ಫೋನು ಬರುತ್ತದೆ. ಮೊದಲೆಲ್ಲ ಅಪ್ಪ ಮಗಳ ನಡುವೆ “ಊಟ ಆಯ್ತಾ”, “ಆಯ್ತು”, “ಅಮ್ಮಂಗೆ ಕೊಡ್ತೀನಿ” ಇಷ್ಟೇ ಮಾತು. ಈಗ ಅರ್ಧ ಗಂಟೆ ಮೋಚಣ್ಣನ ಉಂಡೆಗಳ ವಿಚಾರ ಮಾತಾಡುತ್ತಾರೆ. ಅತ್ತಿಗೆ ತಮ್ಮ ಸರದಿಗೆ ಕಾಯುತ್ತ ಅವರೆಕಾಳು ಸುಲಿಯುತ್ತಾರೆ.

ಮಗಳಿಗೆ ಮನೆ ಸಿಕ್ಕಿ ಬಹಳ ದಿನವಾಯಿತು. ಬೆಕ್ಕನ್ನು ಕರೆಸಿಕೊಳ್ಳುತ್ತೇನೆ ಅನ್ನುತ್ತಿದ್ದಾಳೆ. ರೇಬೀಸ್ ಲಸಿಕೆಯ ಸರ್ಟಿಫಿಕೇಟು ಬೇಕು, ಅದು ಬಂದಿದೆ, ಭಾವನ ಮೇಜಿನ ಮೇಲಿದೆ. ಮೊದಲ ಸಲ ತಾರೀಖು ಸ್ಪಷ್ಟವಿಲ್ಲವೆಂದು ವಾಪಸಾಯಿತು. ಎರಡನೇ ಸಲ ಸೀಲು ಅರ್ಧ ಬಿದ್ದಿದೆ ಎಂದು. ಮೊನ್ನೆ ನಾನೇ ನೋಡಿದೆ. ಎಲ್ಲ ಸರಿಯಿತ್ತು. ಬಣ್ಣ ಕಂದು ಎಂದು ಬರೆದಿತ್ತು, ಮೋಚಣ್ಣ ಎದುರಿಗೇ ಕಂದಾಗಿ ಮಲಗಿದ್ದ.

“ಇನ್ನೇನು ಭಾವ, ಕಳಿಸಿಬಿಡಬಹುದಲ್ಲ?”

ಭಾವ ಕನ್ನಡಕ ಸರಿಮಾಡಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದರು. “ಬಿಸಿಲಲ್ಲಿ ನಿಲ್ಲಿಸಿ ನೋಡು, ಬಾಲದ ಹತ್ತಿರ ಎರಡು ಪಟ್ಟೆ ಕಾಣ್ತವೆ. ಅದನ್ನ ನಮೂದಿಸಿಲ್ಲ. ತಿದ್ದುಪಡಿಗೆ ವಾಪಸ್ ಕಳಿಸ್ತಾ ಇದ್ದೀನಿ.”