ಲಿನಕ್ಸ್ ಸೂಪಶಾಸ್ತ್ರ: ಸ್ವಾರಗೇಟ ಪಾಠಾಂತರ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದೊಳಗೆ ಅನ್ನಭೋಗವನ್ನೂ ಆಟಪಾಟಗಳನ್ನೂ ಒಟ್ಟಿಗೆ ಇಟ್ಟ. 16ನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ದಲ್ಲಿ ಅಡುಗೆಯನ್ನಷ್ಟೇ ಉಳಿಸಿಕೊಂಡು ಆಟವನ್ನು ಕೈಬಿಟ್ಟ. ಹೀಗೆ ಅಗಲಿದ ಎರಡು ಶಾಸ್ತ್ರಗಳು ಮತ್ತೆ ಕೂಡಿದ್ದು ಪುಣೆಯ ಸ್ವಾರಗೇಟದಲ್ಲಿ, ಎಸ್‌ಟಿ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಕಾಟಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕಾಟ್ ಬೇಸಿಸ್ ಖೋಲಿಯೊಂದರ ಎರಡನೆಯ ಕಾಟಿನ ಮೇಲೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಮೂರನೆಯ ಕಾಟು ನಮ್ಮದು. ಮೊದಲನೆಯ ಕಾಟಿನವನಿಗೆ ರಾತ್ರಿ ಪಾಳಿ, ಸಾಕ್ಷಿಗೆ ಸಿಗಲಿಲ್ಲ.

ಸ್ಥಳನಾಮದಲ್ಲಿ ಎರಡು ಪಂಥಗಳಿವೆ. ಸ್ವಾರ ಎಂದರೆ ಕುದುರೆ ಸವಾರ, ಸವಾರರು ಕಾವಲಿದ್ದ ನಾಕೆ ಇದು ಎನ್ನುವುದು ಮರಾಠಿ ಪಕ್ಷ. ಸ್ವರ್ಗದ ಗೇಟು ಎನ್ನುವುದು ಮೊದಲ ಸಲ ಕರ್ನಾಟಕದ ಬಸ್ಸಿನಿಂದ ಇಳಿದವರ ಪಕ್ಷ. ಎರಡನೆಯ ಸಲ ಇಳಿದವರು ತಾವಾಗಿಯೇ ಸವಾರರ ಕಡೆ ಸೇರುತ್ತಾರೆ. 2024ರ ಸೆಪ್ಟೆಂಬರ್ 29ರಿಂದ ಇಲ್ಲಿ ನೆಲದಡಿಯ ಮೆಟ್ರೋ ಸ್ಟೇಶನ್ನೂ ಆಗಿರುವುದರಿಂದ ಪಾತಾಳ ಪಕ್ಷವೊಂದು ಹುಟ್ಟುವ ಲಕ್ಷಣವಿದೆ.

ಈಗ ವಿಷಯ. ಲಿನಕ್ಸ್ ಕಂಪ್ಯೂಟರಿಗೆ ಸಿಂಗಾರ ಮಾಡಲು, ಅದರಲ್ಲಿ ವಿಂಡೋಸಿನ ಆಟ ಆಡಲು ಜಗತ್ತಿನ ಹುಡುಗರು ಪುಕ್ಕಟೆಯಾಗಿ ಕಟ್ಟಿಕೊಟ್ಟ ಸಲಕರಣೆಗಳು ನೂರಾರು. ಇವನ್ನೆಲ್ಲ ಮಾಡಿದವರು ಹಸಿದಿದ್ದರು ಎಂಬುದೇ ನಮ್ಮ ಸಿದ್ಧಾಂತ. ಪ್ರಮಾಣ ಹೆಸರುಗಳಲ್ಲೇ ಇದೆ. ವ್ಯವಸ್ಥೆಯ ಒಡಲು ಕರ್ನಲ್, ಅಂದರೆ ಕಾಳು. ಅದರ ಮೇಲಿನದು ಶೆಲ್, ಅಂದರೆ ಸಿಪ್ಪೆ. ಇನ್ನೊಬ್ಬನ ಮೂಲವನ್ನು ಎತ್ತಿಕೊಂಡು ತನ್ನ ದಾರಿ ಹಿಡಿಯುವುದಕ್ಕೆ ಫೋರ್ಕ್, ಅಂದರೆ ಮುಳ್ಳುಚಮಚ. 2006ರಲ್ಲಿ ಮಿಂಟ್ ಬಂತು, ಪುದೀನ. ಅದೇ ಮಿಂಟಿನವರು 2011ರಲ್ಲಿ ಸಿನಮನ್ ಎಂಬ ಡೆಸ್ಕ್‌ಟಾಪ್ ತಂದರು, ಚಕ್ಕೆ. ಇಷ್ಟಾದ ಮೇಲೂ ಇದು ಗಣಕಶಾಸ್ತ್ರ ಎನ್ನುವವರಿಗೆ ನಮ್ಮ ನಮಸ್ಕಾರ.

ಪೂರ್ವಪಕ್ಷದವರು ಇದನ್ನು ಪ್ರಾಣಿಶಾಸ್ತ್ರ ಎನ್ನುತ್ತಾರೆ. ಲಾಂಛನ ಪೆಂಗ್ವಿನ್, ಆಟಗಳನ್ನೆಲ್ಲ ಒಂದೆಡೆ ಪೇರಿಸಿಡುವ ಲೂಟ್ರಿಸ್‌ನ ಹೆಸರು ಲ್ಯಾಟಿನ್ನಿನ ನೀರುನಾಯಿಯದು, 2020ರಲ್ಲಿ ನಮ್ಮ ದೇಶದ ಕೈಯೂ ಸೇರಿ ಹುಟ್ಟಿದ ಆಟಪ್ರಿಯ ವ್ಯವಸ್ಥೆ ಗರುಡ ಲಿನಕ್ಸ್. ಪೆಂಗ್ವಿನ್ನೂ ನೀರುನಾಯಿಯೂ ಮೀನು ತಿಂದು ಬದುಕುವವು. ಇನ್ನು ಗರುಡ ಸ್ವರ್ಗದ ಗೇಟು ಮುರಿದದ್ದು ಅಮೃತಕ್ಕಾಗಿ. ಪೂರ್ವಪಕ್ಷ ಇಲ್ಲಿಗೆ ಮುಗಿಯಿತು.

ವಿಂಡೋಸಿನ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು. ‘ವೈನ್ ಈಸ್ ನಾಟ್ ಆ್ಯನ್ ಎಮ್ಯುಲೇಟರ್’ ಎಂಬುದು ಇದರ ವಿಸ್ತೃತ ನಾಮ. ತಾನು ಏನಲ್ಲ ಎಂದು ಹೇಳಿಯೇ ತನ್ನನ್ನು ಪರಿಚಯಿಸಿಕೊಳ್ಳುವ ಈ ಕ್ರಮ ಉಪನಿಷತ್ತಿನ ನೇತಿ ನೇತಿಯದೇ. 1993ರಲ್ಲಿ ಹುಳಿಯಿಟ್ಟ ಇದರ 1.0 ಆವೃತ್ತಿ ಬಟ್ಟಲಿಗೆ ಬಿದ್ದದ್ದು 2008ರಲ್ಲಿ. ಹದಿನೈದು ವರ್ಷ ಹದಗೊಂಡದ್ದು ಎಂದು ರಸಿಕರು ತಿಳಿಯುವುದು. ಇದರ ಕೆಲಸ ಹೀಗೆ: ವಿಂಡೋಸಿಗೆಂದು ಮಾಡಿದ ಆಟ ಬಂದು ಕುಳಿತು ‘ಸಾಂಬಾರು ಬರಲಿ’ ಎನ್ನುತ್ತದೆ. ಈ ಅಡುಗೆಮನೆಯಲ್ಲಿ ಸಾಂಬಾರಿಲ್ಲ. ವೈನ್ ಒಂದು ವಾಟಿ ಆಮ್ಟಿ ತಂದಿಟ್ಟು ತೆಪ್ಪಗೆ ನಿಲ್ಲುತ್ತದೆ. ಆಟ ಉಂಡು ಏಳುತ್ತದೆ. ಚಿತ್ರಗಳ ಮಟ್ಟಿಗೆ ಈ ಬದಲಿ ಬಡಿಸುವ ಕೆಲಸ ಡಿಎಕ್ಸ್‌ವಿಕೆಯದು. ‘ನೀರ್: ಆಟೊಮಾಟಾ’ ಎಂಬ ಒಂದೇ ಒಂದು ಆಟ ಲಿನಕ್ಸಿನಲ್ಲಿ ಆಡಬೇಕೆಂಬ ಜರ್ಮನ್ ಹುಡುಗನೊಬ್ಬನ ಹಟದಿಂದ ಹುಟ್ಟಿದ್ದು. ವಾಲ್ವ್ ಕಂಪನಿ 2018ರ ಆಗಸ್ಟಿನಲ್ಲಿ ಇವೆರಡನ್ನೂ ಒಂದೇ ಪಾತ್ರೆಗೆ ಸುರಿದು ಪ್ರೋಟಾನ್ ಎಂದು ಕರೆಯಿತು. ಅದು ಸಪ್ಪೆ ಎನಿಸಿದವರು ಗ್ಲೋರಿಯಸ್ ಎಗ್‌ರೋಲ್ ಎಂಬ ಅಂಕಿತನಾಮದವರು ಒಗ್ಗರಣೆ ಹಾಕಿದ ಪ್ರೋಟಾನ್ ಬಳಸುತ್ತಾರೆ. ಪುಣೆಯ ಸದಾಶಿವ ಪೇಠೆಯ ಕಡೆಯ, ಮೊಟ್ಟೆ ಮುಟ್ಟದವರು ಅದನ್ನು ‘ಜಿಇ’ ಎಂದಷ್ಟೇ ಉಚ್ಚರಿಸಬಹುದು, ದೋಷವಿಲ್ಲ.

ಯಾವ ಆಟ ಎಷ್ಟು ಚೆನ್ನಾಗಿ ಜೀರ್ಣವಾಯಿತು ಎಂದು ಆಡಿದವರೇ ಬರೆದಿಡುವ ಪ್ರೋಟಾನ್‌ಡಿಬಿ ಎಂಬ ದಫ್ತರವಿದೆ. ಅಲ್ಲಿ ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂಬ ತಟ್ಟೆಗಳು. ಕೊನೆಯದು ತೂತು ತಟ್ಟೆ. ಪಂಕ್ತಿಭೇದವೂ ಉಂಟು. ಮೋಸಗಾರರನ್ನು ಹಿಡಿಯುವ ಕಾವಲು ತಂತ್ರಾಂಶದ ನೆಪದಲ್ಲಿ ಕೆಲವು ಆಟಗಳು ಲಿನಕ್ಸಿನವರನ್ನು ಸಾಲಿನಿಂದ ಎಬ್ಬಿಸುತ್ತವೆ. ‘ಏಪೆಕ್ಸ್ ಲೆಜೆಂಡ್ಸ್’ 2024ರ ಅಕ್ಟೋಬರ್ ಕೊನೆಗೆ ಹೀಗೆಯೇ ಎಲೆ ಹಾಕಿಸಿಕೊಂಡು ಕುಳಿತವರನ್ನು ಎಬ್ಬಿಸಿತು. ಹಿಂಬದಿ ಗೋಡೆಯಲ್ಲಿ ಕಿಂಡಿ ಇನ್ನೂ ಬಿದ್ದಿಲ್ಲ.

ಕನ್ನಡದ ಪಾಲೂ ಇಲ್ಲದಿಲ್ಲ. ಕನ್ನಡದ ಫಾಂಟು ಇಲ್ಲದ ಲಿನಕ್ಸಿನಲ್ಲಿ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕೂರುತ್ತವೆ. ಅವಕ್ಕೂ ಹೆಸರು ಟೋಫು, ಸೋಯಾ ಪನೀರು. ಅದನ್ನು ಕರಗಿಸಲು ರೆಡ್ ಹ್ಯಾಟ್ ಕಂಪನಿಯವರ ಲೋಹಿತ್ ಇದೆ, ಸಮುದಾಯದವರ ನವಿಲು ಇದೆ, ಗುಬ್ಬಿ ಇದೆ. ಕರ್ನಲ್ ಕಾಳು ಎಂಬ ನಮ್ಮ ವಾದಕ್ಕೆ ಗುಬ್ಬಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಉಳಿದದ್ದು ರೈಸ್, ಈ ಶಾಸ್ತ್ರದ ಮಹಾವಾಕ್ಯ. ಡೆಸ್ಕ್‌ಟಾಪಿನ ಬಣ್ಣ, ಅಂಚು, ಐಕಾನು, ಮೇಲಿನ ಪಟ್ಟಿ ಎಲ್ಲವನ್ನೂ ಮನಸ್ಸಿಗೆ ಬಂದಂತೆ ತಿದ್ದುವುದಕ್ಕೆ ರೈಸ್ ಮಾಡುವುದು ಎನ್ನುತ್ತಾರೆ. ಅಮೆರಿಕದಲ್ಲಿ ಜಪಾನಿ ಕಾರುಗಳಿಗೆ ರೆಕ್ಕೆ ಬಾಲ ಹಚ್ಚಿ ಮೆರೆಯುವವರನ್ನು ಹೀಯಾಳಿಸಲು ಹುಟ್ಟಿದ ಮಾತು ಎಂಬುದು ರೂಢಿಯ ವ್ಯುತ್ಪತ್ತಿ. ಅದನ್ನು ಒಪ್ಪುವವರು ಮೆಸ್ಸಿನಲ್ಲಿ ಉಂಡವರಲ್ಲ. ನಮ್ಮ ಎರಡನೆಯ ಕಾಟಿನ ಮಾಹಿತಿದಾರ, ಇಂಡಿ ತಾಲೂಕಿನ ಹುಡುಗ, ಒಂದು ರಾತ್ರಿ ಈ ರೈಸಿನಲ್ಲೇ ಮುಳುಗಿದ್ದಾಗ ಊರಿನಿಂದ ಫೋನು ಬಂತು. ಸಂವಾದವನ್ನು ಕೇಳಿದಂತೆಯೇ ಕೊಡುತ್ತಿದ್ದೇವೆ.

“ಊಟ ಆತೇನೋ ತಮ್ಮಾ?”

“ಇಲ್ಲವ್ವ, ರೈಸ್ ಮಾಡ್ಲಾಕತ್ತೀನಿ.”

“ಶಾಣ್ಯಾ ನನ್ನ ಮಗ. ಜೋಡಿ ಏನ ಮಾಡಿ?”

“ಬಾರ್ ಒಂದ ಸರಿ ಕುಂದ್ರವಲ್ದು. ಅದ ಆದಮ್ಯಾಲ ವೈನ್ ಹಾಕ್ಬೇಕು. ಬಾಟಲ್ಸ್ ನಿನ್ನೇನ ಇಳಿಸೀನಿ.”

ಇಲ್ಲಿ ಹಸ್ತಪ್ರತಿಯಲ್ಲಿ ಒಂದು ಗರಿಯಷ್ಟು ಲೋಪವಿದೆ. ಅನಂತರ ಗಂಡು ಧ್ವನಿ.

“ಎಷ್ಟ ಬಾಟಲಿ?”

“ಗೇಮಿಗೆ ಒಂದೊಂದಪ್ಪ.”

“ಗೇಮ್ ಎಷ್ಟ ಅದಾವ?”

“ಹನ್ನೊಂದು.”

ಮಾಹಿತಿದಾರ ಸುಳ್ಳಾಡಿಲ್ಲ ಎಂದು ದಾಖಲಿಸುವುದು ನಮ್ಮ ಧರ್ಮ. ಬಾರ್ ಎಂದರೆ ಆ ಮೇಲಿನ ಪಟ್ಟಿ. ಬಾಟಲ್ಸ್ ಎಂಬುದು ವೈನನ್ನು ಬೇರೆ ಬೇರೆ ಪಾತ್ರೆಗಳಲ್ಲಿ ತುಂಬಿಡುವ ಸಲಕರಣೆ. ಒಂದು ಆಟದ ಎಡವಟ್ಟು ಇನ್ನೊಂದಕ್ಕೆ ತಗಲದಿರಲಿ ಎಂದು ಗೇಮಿಗೊಂದು ಬಾಟಲಿ ಇಡುವವನೇ ಜಾಣ.

ಮೂರನೆಯ ದಿನ ಬೆಳಗಿನ ಐದೂವರೆಗೆ ತಂದೆ ಸ್ವಾರಗೇಟದಲ್ಲಿ ಇಳಿದರು. ಕೈಯಲ್ಲಿ ಬಿಳಿ ಪಂಚೆಯ ಗಂಟು: ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಬೇಕಾದ್ದೆಲ್ಲ ತನ್ನ ಜೊತೆಗೇ ಕಟ್ಟಿಕೊಂಡು ಬರುವ, ಯಾವ ಊರಿನ ಯಾವ ಖೋಲಿಯಲ್ಲೂ ಕೆಡದೆ ನಡೆಯುವ ಪೊಟ್ಟಣಕ್ಕೆ ಲಿನಕ್ಸಿನವರು ಫ್ಲ್ಯಾಟ್‌ಪ್ಯಾಕ್ ಎನ್ನುತ್ತಾರೆ. ಚಪ್ಪಟೆ ಗಂಟು. ಈ ಶಬ್ದದ ಮೂಲ ವಿಜಯಪುರ ಜಿಲ್ಲೆ ಎಂದು ಇನ್ನೊಂದು ಪ್ರಬಂಧದಲ್ಲಿ ಸಾಧಿಸಲಿದ್ದೇವೆ.

ಅವರು ಮೊದಲು ಕಾಟಿನ ಕೆಳಗೆ ಬಗ್ಗಿ ನೋಡಿದರು. ಆಮೇಲೆ ನಮ್ಮ ಕಾಟಿನ ಕೆಳಗೂ. ನಮ್ಮ ಹಳೆಯ ಟಿಪ್ಪಣಿ ಪುಸ್ತಕಗಳನ್ನು ಸರಿಸಿ ಮೂಸಿದರು. ಹುಡುಗ ಲ್ಯಾಪ್‌ಟಾಪ್ ತೆರೆದು ಸಾಲಾಗಿ ಹನ್ನೊಂದೂ ಬಾಟಲಿ ತೋರಿಸಿದ. ಅವರ ಮುಖ ಸಡಿಲಲಿಲ್ಲ. ಒಂದನ್ನು ಒತ್ತಿದಾಗ ‘ಫಾರ್ಮಿಂಗ್ ಸಿಮ್ಯುಲೇಟರ್’ ತೆರೆದು ಟ್ರ್ಯಾಕ್ಟರೊಂದು ಹೊಲಕ್ಕೆ ಇಳಿಯಿತು. ತಂದೆ ಕಾಟಿನ ಅಂಚಿಗೆ ಕುಳಿತರು.

“ಬದು ಯಾಕ ಹಾಕಿಲ್ಲ?” ಎಂದರು.

ಅವರದು ನಿಂಬೆ ತೋಟ. ಪರದೆಯ ಎಡ ಮೂಲೆಯಲ್ಲಿ ಸಣ್ಣಗೆ 60 ಎಂಬ ಅಂಕಿ ಮಿನುಗುತ್ತಿತ್ತು. ಅಂಕಿ ಕಂಡರೆ ಅದು ಯಾವುದರ ದರ ಎಂದು ಕೇಳದೆ ಬಿಡುವ ಜಾತಿ ಅಲ್ಲ.

“ಇದೇನು?”

“ಮ್ಯಾಂಗೋಹಡ್ ಅಪ್ಪ,” ಎಂದ ಹುಡುಗ. ಕ್ಷಣಕ್ಕೆ ಎಷ್ಟು ಚಿತ್ರ ಓಡುತ್ತಿವೆ ಎಂದು ತೋರಿಸುವ ಸಲಕರಣೆ ಅದು ಎಂದು ಬಿಡಿಸಿ ಹೇಳುವಷ್ಟರಲ್ಲಿ ತಂದೆ ಎದ್ದು ನಿಂತಿದ್ದರು. ಮೇ ತಿಂಗಳು. ಗುಲಟೇಕಡಿಯ ಮಾರ್ಕೆಟ್ ಯಾರ್ಡು ಹತ್ತಿರ.

“ಮಾವಿನಹಣ್ಣ ಡಜನ್ನಿಗೆ ಅರವತ್ತ? ಆಪೂಸ? ಲಗೂನ ನಡಿ, ರೇಟ್ ಏರೂದರಾಗ ಎರಡ ಪೆಟ್ಟಿಗಿ ತರೂಣು.”

ಹುಡುಗ ಚಪ್ಪಲಿ ಹುಡುಕಿದ. ಇಬ್ಬರೂ ಮೆಟ್ಟಿಲಿಳಿದು ಹೋದರು. ಟ್ರ್ಯಾಕ್ಟರು ಬದುವಿಲ್ಲದ ಹೊಲದಲ್ಲಿ ಎಂಜಿನ್ ಆರಿಸದೆ ನಿಂತಿತ್ತು. ಅಂಕಿ 60ರಿಂದ 59ಕ್ಕೆ ಇಳಿದು ಮತ್ತೆ ಏರಿತು. ಗಂಟು ಮಾತ್ರ ಬಿಚ್ಚಿದಂತೆಯೇ ನಮ್ಮ ಕಾಟಿನ ಮೇಲಿತ್ತು. ಶಾಸ್ತ್ರದ ಮುಂದಿನ ಭಾಗವನ್ನು ನಾವು ಶೇಂಗಾ ಚಟ್ನಿಯೊಂದಿಗೆ ಪರಾಮರ್ಶಿಸತೊಡಗಿದೆವು.